ನಾಲ್ಕನೇ ಗುಂಡಿಯ ಮಣ್ಣು

ಫೆಬ್ರವರಿ 3, ಸೋಮವಾರ

ನಿವೃತ್ತಿಯಾಗಿ ಎಂಟು ತಿಂಗಳಾದ ಮೇಲೆ ಮತ್ತೆ ಮಣ್ಣು ಬಂದು ನನ್ನ ಮನೆಯಲ್ಲಿ ಕೂತಿದೆ. ಹದಿನಾಲ್ಕು ಡಬ್ಬ, ಆರು ಪ್ಲಾಸ್ಟಿಕ್ ಚೀಲ, ಒಂದು ಕಾಲುಚೀಲ. ಕಾಲುಚೀಲದಲ್ಲಿ ಮಣ್ಣು ತುಂಬಿ ಕಳಿಸಿದ ಪುಣ್ಯಾತ್ಮರು ಯಾರೋ, ಒಗೆದಾದರೂ ಕಳಿಸಬಹುದಿತ್ತು.

ಗುಡ್ಡ ಜಾರಿದ ಕಡೆ ಕಟ್ಟಿದ ತಡೆಗೋಡೆಯ ಮೇಲೆ ಚಿತ್ರ ಬರೆಸುತ್ತಾರಂತೆ. ನಲವತ್ತು ಮೀಟರ್ ಉದ್ದದ ಬೋಳು ಕಾಂಕ್ರೀಟು ನೋಡುವುದಕ್ಕೆ ಚೆನ್ನಾಗಿಲ್ಲ ಎಂದು ನಗರಸಭೆಯವರಿಗೆ ಎರಡು ವರ್ಷ ಕಳೆದ ಮೇಲೆ ಹೊಳೆದಿದೆ. ಅಂಗಡಿಯ ಬಣ್ಣ ಬೇಡವಂತೆ. ಪ್ರತಿ ಮನೆಯವರೂ ತಮ್ಮ ಅಂಗಳದ ಮಣ್ಣು ತರಬೇಕು, ಅದರಿಂದಲೇ ಬಣ್ಣ ಮಾಡಬೇಕು, ಗುಡ್ಡ ಮೊದಲು ಹೇಗಿತ್ತೋ ಹಾಗೆ ಬರೆಯಬೇಕು. ಚಿತ್ರದ ಕೆಳಗೆ ಉದ್ದಕ್ಕೂ ಅಂಗೈಯಗಲದ ಚೌಕಗಳು. ಒಂದೊಂದು ಚೌಕಕ್ಕೆ ಒಂದೊಂದು ಮನೆಯ ಮಣ್ಣು. ಎಲ್ಲಿಯ ಮಣ್ಣು, ಯಾರು ತಂದದ್ದು ಎಂದು ತಂದವರೇ ಅದರೊಳಗೆ ಮೊಳೆಯಿಂದ ಗೀರಿ ಬರೆಯುವುದು.

ಇದೆಲ್ಲ ಹೊರಗಿನಿಂದ ಬಂದ ಚಿತ್ರಗಾರ್ತಿಯ ಯೋಚನೆ. "ಮಣ್ಣಿನ ಜೊತೆ ಮಾತಾಡ್ಬೇಕು ಮೇಡಂ, ಅದೇ ತನ್ನ ಬಣ್ಣ ಹೇಳುತ್ತೆ" ಎಂದಳು. ಮಣ್ಣು ಪರೀಕ್ಷೆಯ ಲ್ಯಾಬಿನಲ್ಲಿ ಇಪ್ಪತ್ತೊಂಬತ್ತು ವರ್ಷ ಮಣ್ಣು ತೂಗಿದ್ದೇನೆ, ಒಂದು ದಿನವೂ ಅದು ನನ್ನ ಜೊತೆ ಮಾತಾಡಿಲ್ಲ.

ನನಗೆ ಒಪ್ಪಿಸಿರುವುದು ಜರಡಿ ಹಿಡಿಯುವುದು, ನೀರಿನಲ್ಲಿ ಕದಡುವುದು, ಮರಳು ತಳಕ್ಕೆ ಕೂತ ಮೇಲೆ ಮೇಲಿನ ನಯವಾದದ್ದನ್ನು ಮಾತ್ರ ಬಗ್ಗಿಸಿ ಒಣಗಿಸುವುದು. ಶುಕ್ರವಾರದವರೆಗೆ ಮಾಡಿ ಕೈತೊಳೆದುಕೊಳ್ಳುತ್ತೇನೆ.

ಪುಟ್ಟಿ ಬಾಗಿಲಲ್ಲೇ ನಿಂತು, "ಚಿಕ್ಕಮ್ಮ, ಈ ಮನೇಲಿ ನಾವಿರೋದಾ, ಇದಿರೋದಾ?" ಎಂದು ಕೇಳಿದಳು. ಪುಟ್ಟಿ ನನ್ನ ಅಕ್ಕನ ಮಗಳು. ಹದಿನೇಳು ವರ್ಷ. ಅಕ್ಕ ಹೋದಾಗಿನಿಂದ ನನ್ನ ಜೊತೆ ಇದ್ದಾಳೆ. ನನಗೇ ಗೊತ್ತಿರುವುದನ್ನು ನನ್ನ ಪುಸ್ತಕದಲ್ಲಿ ಯಾಕೆ ಬರೆದೆನೋ.

ಫೆಬ್ರವರಿ 5, ಬುಧವಾರ

ನಗರಸಭೆಯಲ್ಲಿ ಸಭೆ. ಮಣ್ಣಿನ ಬಣ್ಣ ನಿಲ್ಲಬೇಕಾದರೆ ಕಾಂಕ್ರೀಟಿನ ಮೇಲೆ ಸುಣ್ಣದ ಗಾರೆ ಮೆತ್ತಬೇಕು, ಗಾರೆ ಹಸಿಯಿರುವಾಗಲೇ ಬಣ್ಣ ಹಚ್ಚಬೇಕು, ಅಕ್ಷರವನ್ನೂ ಆಗಲೇ ಗೀರಬೇಕು. ಒಣಗಿದ ಮೇಲೆ ಬಣ್ಣ ಹಿಡಿಯುವುದಿಲ್ಲ, ಗೀರಿದ್ದು ಅಳಿಯುವುದೂ ಇಲ್ಲ. ಈ ಊರಿನಲ್ಲಿ ಸುಣ್ಣದ ಗಾರೆ ಕೆಲಸ ಬರುವುದು ಒಬ್ಬರಿಗೇ. ಅವರು ಭಾವ, ಪುಟ್ಟಿಯ ಅಪ್ಪ. ಹಿಂದಿನ ಸಾಲಿನಲ್ಲಿ, ಬಾಗಿಲ ಪಕ್ಕ ಕೂತಿದ್ದರು.

ಅವರ ಕೆಲಸದ ಮಾತು ಬಂದದ್ದೇ ತಡ, ಬೇಕರಿಯವರು ಎದ್ದು ನಿಂತರು. ಗುಡ್ಡ ಬಂದ ದಿನ ಅವರ ತಾಯಿಯೂ ಹಿರಿಯ ಮಗನೂ ಹೋದರು. "ಗುಡ್ಡದ ಬುಡ ಕಡಿದ ಕೈಯಲ್ಲೇ ಗೋಡೆ ಮೆತ್ತಿಸ್ತೀರಾ? ನಾಚಿಕೆ ಆಗಲ್ವಾ?" ಎಂದರು. ದನಿ ಏರಿಸಲಿಲ್ಲ. ಏರಿಸಿದ್ದರೆ ಕೇಳುವುದು ಸುಲಭವಾಗುತ್ತಿತ್ತು.

ಅಂದು ಹನ್ನೊಂದು ಮನೆ, ಒಂಬತ್ತು ಜನ. ಒಂಬತ್ತರಲ್ಲಿ ಅಕ್ಕನೂ ಒಬ್ಬಳು. ಅದಕ್ಕೆ ಒಂದು ತಿಂಗಳ ಹಿಂದಷ್ಟೇ ಭಾವ ಮನೆಯ ಹಿಂದಿನ ಇಳಿಜಾರನ್ನು ಕಡಿದು ಒಂದು ಕೋಣೆ ಕಟ್ಟಿದ್ದರು, ಪುಟ್ಟಿಗೆ ಓದಿಕೊಳ್ಳುವುದಕ್ಕೆ. ಗುಡ್ಡ ಬಂದದ್ದು ಅದರಿಂದಲೇ ಎಂದು ಇಡೀ ಊರು ನಂಬಿದೆ. ಭಾವನೂ ನಂಬಿದ್ದಾರೆ. ಪುಟ್ಟಿ ಅಪ್ಪನ ಜೊತೆ ಮಾತು ಬಿಟ್ಟು ನನ್ನ ಮನೆಗೆ ಬಂದದ್ದು ಅದಕ್ಕೇ.

ಬೇರೆ ಗಾರೆಯವರು ಸಿಗುವುದಿಲ್ಲ ಎಂದು ಗೊತ್ತಾದ ಮೇಲೆ ಒಂದು ತೀರ್ಮಾನಕ್ಕೆ ಬಂದರು. ಭಾವ ಗೋಡೆ ಮೆತ್ತಬಹುದು, ಆದರೆ ಅವರ ಮಣ್ಣು ಗೋಡೆಯ ಮೇಲೆ ಬರಕೂಡದು. ಎಲ್ಲರಿಗೂ ಒಂದೊಂದು ಚೌಕ, ತೀರಿಕೊಂಡವರ ಹೆಸರಿಗೂ ಒಂದೊಂದು, ಅವರಿಗಿಲ್ಲ. ಭಾವ ಎದ್ದು, "ಅವರು ಹೇಳೋದು ಸರಿ. ನಾನು ಮೆತ್ತಿಕೊಡ್ತೀನಿ, ಅಷ್ಟೇ ಸಾಕು" ಎಂದರು.

ನಾನು ಮುಂದಿನ ಸಾಲಿನಲ್ಲಿದ್ದೆ. ಏನೂ ಹೇಳಲಿಲ್ಲ. ಹೇಳುವಂಥದ್ದೇನೂ ಇರಲಿಲ್ಲ.

ಫೆಬ್ರವರಿ 6, ಗುರುವಾರ

ನಿನ್ನೆಯ ಕೊನೆಯ ಸಾಲನ್ನು ಇವತ್ತು ಓದಿದೆ. ಬರೆದೇ ಬಿಡುತ್ತೇನೆ, ಇದನ್ನು ಯಾರು ಓದುತ್ತಾರೆ.

ಆ ವರ್ಷ ಜೂನ್ 3ರಂದು ಗುಡ್ಡದಲ್ಲಿ ಐದು ಗುಂಡಿ ಕೊರೆದು ಮಣ್ಣು ತೆಗೆದರು. ಮಳೆ ಶುರುವಾಗಿತ್ತು. ಹನ್ನೊಂದು ಮನೆಯವರನ್ನು ಬೇರೆ ಕಡೆ ಕಳಿಸಬೇಕೇ ಬೇಡವೇ ಎಂದು ತಿಳಿಯಬೇಕಿತ್ತು. ಮಣ್ಣಿನಲ್ಲಿ ನೀರು ಎಷ್ಟಿದೆ ಎಂದು ಹೇಳುವುದು ಲ್ಯಾಬಿನ ಕೆಲಸ. ಹಸಿಯಾಗಿ ತೂಗಿ, ಒಂದು ದಿನ ಓವನ್ನಿನಲ್ಲಿ ಒಣಗಿಸಿ, ಮತ್ತೆ ತೂಗುತ್ತಾರೆ. ಕಡಿಮೆಯಾದದ್ದೆಲ್ಲ ನೀರು. ಮಣ್ಣು ಬಂದ ದಿನವೇ ತೂಗಬೇಕು, ಇಟ್ಟರೆ ಆರುತ್ತದೆ.

ಐದು ದಿನ ತಡವಾಯಿತು. ತಡ ಎಲ್ಲ ಕಚೇರಿಗಳಲ್ಲೂ ಆಗುತ್ತದೆ. ಚೀಲಗಳ ಬಾಯಿಗೆ ಮೇಣ ಹಾಕಿರಲಿಲ್ಲ, ಕೋಣೆಯಲ್ಲಿ ಫ್ಯಾನು ತಿರುಗುತ್ತಿತ್ತು. ನಾಲ್ಕನೇ ಗುಂಡಿಯಲ್ಲಿ ಸಿಕ್ಕಿದ್ದು ನೀಲಿ ಬೂದು ಬಣ್ಣದ ಜೇಡಿ. ನೂರಕ್ಕೆ ಹತ್ತೊಂಬತ್ತು ಬಂತು. ಮೂವತ್ತು ದಾಟಿದ್ದರೆ ಮನೆಗಳನ್ನು ಖಾಲಿ ಮಾಡಿಸುತ್ತಿದ್ದರು. ಸದ್ಯಕ್ಕೆ ಅಪಾಯವಿಲ್ಲ ಎಂದು ವರದಿ ಹೋಯಿತು. ಜೂನ್ 22ರ ಮಧ್ಯಾಹ್ನ ಗುಡ್ಡ ಬಂತು.

ಅದೇ ಕಾರಣ ಎಂದು ಹೇಳುವುದಕ್ಕೆ ಬರುವುದಿಲ್ಲ. ಮಳೆಯಿದೆ, ಕೋಣೆಗೆ ಕಡಿದದ್ದಿದೆ. ಅಂದೇ ತೂಗಿದ್ದರೆ ಮೂವತ್ತು ದಾಟುತ್ತಿತ್ತು ಎಂದು ಯಾರು ಹೇಳಬಲ್ಲರು?

ಫೆಬ್ರವರಿ 7, ಶುಕ್ರವಾರ

ಇನ್ನೂ ಇಪ್ಪತ್ತಾರು ಡಬ್ಬ ಬಂದಿವೆ. ಇನ್ನೊಂದು ವಾರ ಮಾಡುತ್ತೇನೆ.

ಫೆಬ್ರವರಿ 12, ಬುಧವಾರ

ಇವತ್ತಿಗೆ ಗೋಡೆಯ ಕೆಲಸ ಶುರುವಾಗಿ ಮೂರು ದಿನ. ಭಾವ ದಿನಕ್ಕೆ ಎರಡು ಮೀಟರ್ ಮಾತ್ರ ಮೆತ್ತುತ್ತಾರೆ, ಹೆಚ್ಚು ಮೆತ್ತಿದರೆ ಬಣ್ಣ ಹಚ್ಚುವಷ್ಟರಲ್ಲಿ ಒಣಗುತ್ತದೆ. ಚಿತ್ರಗಾರ್ತಿ ಅವರ ಹಿಂದೆಯೇ ಹೋಗುತ್ತಾಳೆ. ನಾನು ಡಬ್ಬಗಳ ಜೊತೆ ಒಂದು ಮುರುಕು ಮೇಜಿನ ಹಿಂದೆ. ಬಣ್ಣ ಕಲಸುವುದನ್ನು ಬೇರೆಯವರಿಗೆ ಬಿಟ್ಟರೆ ಹಾಳು ಮಾಡುತ್ತಾರೆ, ಅದಕ್ಕೇ ಹೋಗುವುದು.

ಬಗೆಬಗೆಯ ಮಣ್ಣು. ಮೇಲಿನ ಬೀದಿಯದು ಇಟ್ಟಿಗೆ ಕೆಂಪು, ಶಾಲೆಯ ಹಿಂದಿನದು ಹಳದಿ, ಕಾಲುವೆ ಪಕ್ಕದ್ದು ಕಪ್ಪು. ಕಾಲುಚೀಲದ ಮಣ್ಣು ಎಲ್ಲಕ್ಕಿಂತ ಚೆನ್ನಾಗಿದೆ, ಒಳ್ಳೆಯ ಕಾವಿ. ಅದನ್ನು ಕಳಿಸಿದ್ದು ಅಂಚೆಯಜ್ಜ. ಇವತ್ತು ಬಂದು ತಮ್ಮ ಚೌಕದಲ್ಲಿ ಹೆಸರು ಗೀರಿ, ಗೋಡೆಯಿಂದ ದೂರ ನಿಂತು, ಹತ್ತಿರ ಬಂದು, ಮತ್ತೆ ದೂರ ಹೋಗಿ ನೋಡಿದರು. "ಕಾಲುಚೀಲ ವಾಪಸ್ ಕೊಡಮ್ಮ, ಅದರ ಜೋಡಿ ಮನೇಲಿದೆ" ಎಂದರು.

ಮಧ್ಯಾಹ್ನ ಭಾವ ಕರಣೆ ತೊಳೆಯುತ್ತಾ ಕೇಳಿದರು, "ಓದ್ತಾಳಾ?"

"ಓದ್ತಾಳೆ ಭಾವ."

"ಕನ್ನಡಕ ಬದಲಾಯಿಸ್ಬೇಕು ಅಂತಿದ್ಲು."

ಅದು ಎರಡು ವರ್ಷದ ಹಿಂದಿನ ಮಾತು. ಅದಾದ ಮೇಲೆ ಎರಡು ಕನ್ನಡಕ ಆಗಿವೆ. "ಬದಲಾಯಿಸಿದ್ವಿ" ಎಂದಷ್ಟೇ ಹೇಳಿದೆ. ಸಂಜೆ ಪುಟ್ಟಿ ಆ ದಾರಿಯಲ್ಲೇ ಬಂದಳು. ಗೋಡೆ ಕಂಡ ಕೂಡಲೇ ರಸ್ತೆಯ ಆಚೆ ಬದಿಗೆ ದಾಟಿ, ತಲೆ ತಗ್ಗಿಸಿಕೊಂಡು ಹೋದಳು. ಅವಳು ತಿರುವು ದಾಟುವವರೆಗೂ ಭಾವ ಕೈಯಲ್ಲಿ ಗಾರೆ ಹಿಡಿದುಕೊಂಡೇ ನಿಂತಿದ್ದರು.

ಫೆಬ್ರವರಿ 18, ಮಂಗಳವಾರ

ಚಿತ್ರಗಾರ್ತಿ ತಲೆ ತಿನ್ನುತ್ತಿದ್ದಾಳೆ. ಹನ್ನೊಂದು ಮನೆಗಳ ಸಾಲು ಬರೆಯುವುದಿದೆ, ಅವುಗಳ ನೆರಳಿಗೆ ನೀಲಿ ಬೂದು ಬಣ್ಣ ಬೇಕಂತೆ. ಅರವತ್ತು ಡಬ್ಬದಲ್ಲಿ ಒಂದೂ ಆ ಬಣ್ಣದ್ದಿಲ್ಲ. "ಗುಡ್ಡ ಜಾರಿದಾಗ ಅಂಥ ಮಣ್ಣು ಕಂಡಿತ್ತಂತಲ್ಲ ಮೇಡಂ?" ಎಂದು ಕೇಳಿದಳು. ಅದೆಲ್ಲ ಲಾರಿಯಲ್ಲಿ ಹೋಯಿತು, ಉಳಿದದ್ದರ ಮೇಲೆ ಗೋಡೆ ಕಟ್ಟಿದರು, ಈಗ ಚಿಟಿಕೆಯಷ್ಟೂ ಸಿಗುವುದಿಲ್ಲ ಎಂದೆ.

ಮನೆಗೆ ಬಂದು ಅಲಮಾರಿಯ ಮೇಲೆ ದೂಳು ಹೊಡೆದೆ. ಬಹಳ ದಿನದಿಂದ ಹೊಡೆದಿರಲಿಲ್ಲ. ಅಲ್ಲಿ ಲ್ಯಾಬಿನ ಒಂದು ಟಿನ್ನು ಇದೆ, ಮುಚ್ಚಳದ ಮೇಲೆ ನಾಲ್ಕು ಎಂದು ಕೊರೆದಿದೆ. ಗುಡ್ಡ ಬಂದ ಮಾರನೇ ವಾರ ತಂದದ್ದು. ಗುಂಡಿ ಸೂಜಿ ಇಟ್ಟುಕೊಳ್ಳಲು ಅನುಕೂಲ ಎಂದು ತಂದಿದ್ದೆ. ತುಕ್ಕು ಹಿಡಿಯುತ್ತದೇನೋ ಎಂದು ಕೆಳಗಿಳಿಸಿ ಒರೆಸಿ, ಮೇಜಿನ ಮೇಲೆ ಇಟ್ಟೆ. ಮತ್ತೆ ಮೇಲೆ ಹತ್ತುವುದಕ್ಕೆ ಮೊಣಕಾಲು ನೋವು.

ಫೆಬ್ರವರಿ 20, ಗುರುವಾರ

ಭಾವನ ಬೆರಳುಗಳನ್ನು ಸುಣ್ಣ ತಿಂದುಹಾಕಿದೆ. ಚರ್ಮ ಬಿರಿದು ಒಳಗಿನ ಕೆಂಪು ಕಾಣುತ್ತದೆ. ಕೈಗವಸು ತಂದುಕೊಟ್ಟೆ, ಮಡಿಸಿ ಜೇಬಿಗೆ ಹಾಕಿಕೊಂಡರು. ಎಣ್ಣೆ ಹಚ್ಚಿಕೊಳ್ಳಿ ಎಂದರೆ, "ಸುಡಲಿ ಬಿಡಮ್ಮ" ಎಂದರು.

ಸ್ವಲ್ಪ ಹೊತ್ತಿನ ಮೇಲೆ ತಾವಾಗಿಯೇ ಮಾತಾಡಿದರು. ಎರಡು ವರ್ಷದಲ್ಲಿ ಅವರು ಇಷ್ಟು ಮಾತಾಡಿದ್ದನ್ನು ನಾನು ಕೇಳಿಲ್ಲ. "ಆ ರೂಮನ್ನ ನಾನು ದಿನಾ ಬೆಳಿಗ್ಗೆ ಕೆಡವ್ತೀನಿ. ಇಟ್ಟಿಗೆ ಒಂದೊಂದೇ ತೆಗೀತೀನಿ. ಕಡಿದ ಮಣ್ಣನ್ನ ವಾಪಸ್ ತುಂಬ್ತೀನಿ. ತುಂಬಿ ಮುಗಿಸೋ ಹೊತ್ತಿಗೆ ನಿಮ್ಮಕ್ಕ ಬಂದು ಟೀ ಆಯ್ತು ಬನ್ನಿ ಅಂತಾಳೆ. ಅಷ್ಟೇ, ಆಮೇಲೆ ಕೆಲಸಕ್ಕೆ ಹೊರಡ್ತೀನಿ."

ಎಷ್ಟು ಕಡಿದಿದ್ದಿರಿ ಎಂದು ಕೇಳಿದೆ. ಒಂದೂವರೆ ಅಡಿ ಆಳ, ಎಂಟು ಅಡಿ ಅಗಲ ಎಂದರು. ಒಂದೂವರೆ ಅಡಿ. ನಾನು ಮೇಜಿನ ಕೆಳಗೆ ಬಿದ್ದಿದ್ದ ಜರಡಿ ಹುಡುಕುವವಳಂತೆ ಬಗ್ಗಿದೆ. ಅಳು ಬಂದಿತ್ತು, ತೋರಿಸಿಕೊಳ್ಳುವ ಮುಖ ಇರಲಿಲ್ಲ.

ಫೆಬ್ರವರಿ 24, ಸೋಮವಾರ

ಬಾಲ್ಕನಿಯಲ್ಲಿ ಅಕ್ಕ ಕೊಟ್ಟ ಒಂದು ಹೂವಿನ ಕುಂಡವಿದೆ. ಗಿಡ ಹೋದ ವರ್ಷವೇ ಸತ್ತಿತು, ಮಣ್ಣು ಹಾಗೇ ಇತ್ತು. ಅದು ಅಕ್ಕನ ಅಂಗಳದ ಮಣ್ಣು. ಇವತ್ತು ಕಾಲೇಜಿನಿಂದ ಬಂದವಳೇ ಪುಟ್ಟಿ ಚಮಚದಿಂದ ಅದನ್ನು ಕೆದಕಿ ಒಂದು ಲೋಟಕ್ಕೆ ತುಂಬುತ್ತಾ ಕೂತಳು.

"ಅಮ್ಮನ ಚೌಕಕ್ಕೆ" ಎಂದಳು. "ನೀನೇ ಬರಿ ಚಿಕ್ಕಮ್ಮ. ಅವರಿರೋವಾಗ ನಾನಲ್ಲಿಗೆ ಬರಲ್ಲ."

"ಅವರು ಅಂದ್ರೆ ಯಾರು? ನಿಮ್ಮಪ್ಪ."

"ಗೊತ್ತು ಯಾರು ಅಂತ."

ನಾನು ಸುಮ್ಮನಿರಬಹುದಿತ್ತು. ಎಷ್ಟು ವರ್ಷ ಹೀಗೆ ಇರುತ್ತೀಯ, ಅವರೇನು ಬೇಕೆಂದು ಮಾಡಿದರೇ ಎಂದೆಲ್ಲ ಕೇಳಿಬಿಟ್ಟೆ. ಪುಟ್ಟಿ ಚಮಚ ಕೆಳಗಿಟ್ಟಳು.

"ರೂಮು ಬೇಕು ಅಂದಿದ್ದು ನಾನು. ಓದೋಕೆ ಜಾಗ ಇಲ್ಲ ಅಂತ ಒಂದು ವಾರ ಊಟ ಬಿಟ್ಟು ಹಟ ಮಾಡಿದ್ದೆ. ಅವರು ಬೇಡ ಅನ್ಬೇಕಿತ್ತು. ದೊಡ್ಡವರು ಅವರು, ಅವರಿಗೆ ಗೊತ್ತಿರ್ಬೇಕಿತ್ತು. ಅವರ ಮುಖ ನೋಡಿದ್ರೆ ನನಗೆ ನನ್ನ ಮುಖನೇ ಕಾಣುತ್ತೆ."

ಎರಡು ವರ್ಷದಿಂದ ಒಂದೇ ಕೋಣೆಯಲ್ಲಿ ಮಲಗುತ್ತಿದ್ದೇವೆ. ಅವಳ ಜ್ವರ, ಅವಳ ಪರೀಕ್ಷೆ, ಅವಳ ಕೂದಲಿನ ಸಿಕ್ಕು ಎಲ್ಲ ನನಗೆ ಗೊತ್ತು. ಈ ಮಗು ಹೊಟ್ಟೆಯೊಳಗೆ ಇದನ್ನು ಇಟ್ಟುಕೊಂಡು ಓಡಾಡುತ್ತಿದೆ ಎಂದು ಗೊತ್ತಿರಲಿಲ್ಲ. ಅಪ್ಪನ ಮೇಲಿನ ಕೋಪ ಎಂದುಕೊಂಡಿದ್ದೆ. ಹಾಗೆ ಅಂದುಕೊಳ್ಳುವುದು ನನಗೂ ಅನುಕೂಲವಾಗಿತ್ತು.

ಫೆಬ್ರವರಿ 25, ಮಂಗಳವಾರ

ಗೋಡೆಗೆ ಹೋಗಲಿಲ್ಲ. ತಲೆನೋವು ಎಂದು ಹೇಳಿ ಕಳಿಸಿದೆ.

ಆರನೇ ತಾರೀಖಿನ ಪುಟ ತೆರೆದು ನೋಡಿದೆ. ತಡವಾಯಿತು, ಬಂತು, ಹೋಯಿತು. ಅಲ್ಲಿ ಮನುಷ್ಯರೇ ಇಲ್ಲ.

ಜೂನ್ 3ರ ಸಂಜೆ ಚೀಲಗಳು ಬಂದಾಗ ಲ್ಯಾಬಿನಲ್ಲಿದ್ದವಳು ನಾನು. ನಾಲ್ಕನೆಯದರಲ್ಲಿ ಬೆರಳಿಟ್ಟೆ. ಸೋಪಿನ ಮೇಲೆ ಜಾರಿದ ಹಾಗೆ ಜಾರಿತು. ಇಪ್ಪತ್ತೇಳು ವರ್ಷ ಮಣ್ಣು ಮುಟ್ಟಿದ ಬೆರಳು, ಅದಕ್ಕೆ ತಕ್ಕಡಿ ಬೇಕಾಗಿರಲಿಲ್ಲ. ಅಂದೇ ತೂಗಬೇಕಿತ್ತು. ಆರು ಗಂಟೆಯಾಗಿತ್ತು, ಮಾರನೇ ದಿನದಿಂದ ನಾಲ್ಕು ದಿನ ರಜೆ ಬರೆದುಕೊಟ್ಟಿದ್ದೆ, ಬಸ್ಸು ತಪ್ಪುತ್ತದೆ ಎಂಬ ಅವಸರ. ಚೀಲಗಳನ್ನು ಹಾಗೇ ಬಿಟ್ಟು ಅಕ್ಕನ ಮನೆಗೆ ಹೋದೆ. ಆ ಹೊಸ ಕೋಣೆಗೆ ಸುಣ್ಣ ಬಳಿಯಲು ಅಕ್ಕ ಕರೆದಿದ್ದಳು. ನಾಲ್ಕು ದಿನ ಇಬ್ಬರೂ ಸೆರಗು ಸಿಕ್ಕಿಸಿಕೊಂಡು ಸುಣ್ಣ ಬಳಿದೆವು. ಅಕ್ಕನ ಮೂಗಿನ ಮೇಲೆ ಸುಣ್ಣ ಹತ್ತಿತ್ತು, ನಾನು ಹೇಳಲಿಲ್ಲ, ಹಾಗೇ ಅಂಗಡಿಗೆ ಹೋಗಿಬಂದಳು. ಬಿದ್ದು ಬಿದ್ದು ನಕ್ಕೆವು.

ಎಂಟಕ್ಕೆ ಬಂದು ತೂಗಿದೆ. ಜೇಡಿ ಮೇಲೆಲ್ಲ ಗಟ್ಟಿಯಾಗಿ ಬಿರುಕು ಬಿಟ್ಟಿತ್ತು. ಮತ್ತೆ ಕೊರೆಸಿ ಎಂದು ಹೇಳಬೇಕಿತ್ತು. ಹೇಳಿದ್ದರೆ ಯಾಕೆ ಎಂದು ಕೇಳುತ್ತಿದ್ದರು. ಟಿನ್ನಿನ ಚೀಟಿಯಲ್ಲಿ, ಕೈಯ ಅಭ್ಯಾಸದಿಂದ, ನಿಜವನ್ನೇ ಬರೆದೆ: ತೆಗೆದದ್ದು 3, ತೂಗಿದ್ದು 8. ಆಮೇಲೆ ತೂಕದ ದಪ್ಪ ಪುಸ್ತಕದಲ್ಲಿ ತೂಗಿದ್ದು 4 ಎಂದು ಬರೆದೆ. ನಾಲ್ಕರಂದು ನಾನು ರಜೆಯಲ್ಲಿದ್ದೆ. ಹಾಜರಿ ಪುಸ್ತಕವನ್ನೂ ತೂಕದ ಪುಸ್ತಕವನ್ನೂ ಅಕ್ಕಪಕ್ಕ ಇಟ್ಟು ನೋಡಿದ್ದರೆ ಸಾಕಿತ್ತು. ಯಾರೂ ನೋಡಲಿಲ್ಲ.

ಹತ್ತೊಂಬತ್ತು ಎಂಬ ಅಂಕಿ ನನ್ನ ಕೈಬರಹದ್ದು. ಭಾವ ಕಡಿದದ್ದು ಒಂದೂವರೆ ಅಡಿ.

ಹೇಳಿದರೆ ಪುಟ್ಟಿ ಹೋಗುತ್ತಾಳೆ. ಎರಡು ವರ್ಷದಿಂದ ಬಾಯಿ ಮುಚ್ಚಿಕೊಂಡದ್ದಕ್ಕೆ ಕಾರಣ ನೌಕರಿಯಲ್ಲ, ಪಿಂಚಣಿಯಲ್ಲ. ಇದೊಂದೇ.

ಮಾರ್ಚ್ 1, ಶನಿವಾರ

ಹನ್ನೊಂದು ಮನೆಗಳ ಭಾಗ ಇವತ್ತು. ಟಿನ್ನು ತೆಗೆದುಕೊಂಡು ಹೋದೆ. ಚಿತ್ರಗಾರ್ತಿ ಮುಚ್ಚಳ ತೆರೆದು ನೋಡಿ, "ಇದೇ, ಇದೇ ಬೇಕಿತ್ತು. ಎಲ್ಲಿತ್ತು ಮೇಡಂ?" ಎಂದಳು. ಮನೆಯಲ್ಲಿತ್ತು ಎಂದೆ. ಅರೆದು ಕೊಟ್ಟೆ. ಮನೆಗಳ ಕೆಳಗೆ ತೆಳ್ಳಗೆ ನೆರಳು ಎಳೆದಳು. ಅಕ್ಕನ ಮನೆ ಎಡದಿಂದ ಏಳನೆಯದು.

ಉಳಿದದ್ದಕ್ಕೆ ಒಂದು ಚೌಕ ಬೇಕೆಂದೆ. ಭಾವ ಅಕ್ಕನ ಚೌಕದ ಪಕ್ಕದಲ್ಲೇ ಗಾರೆ ಮೆತ್ತಿ ನಯಮಾಡಿ ಕೊಟ್ಟರು. ಚಿತ್ರಗಾರ್ತಿ ಊಟಕ್ಕೆ ಹೋಗಿದ್ದಳು. ಬಣ್ಣ ಹಚ್ಚಿ, ಮೊಳೆ ಹಿಡಿದು, ಗುಂಡಿ ನಾಲ್ಕು, ತೆಗೆದದ್ದು ಜೂನ್ 3, ತೂಗಿದ್ದು ಜೂನ್ 8 ಎಂದು ಗೀರಿದೆ. ಕೆಳಗೆ ನನ್ನ ಹೆಸರು. ಎಂಟು ಸೊಟ್ಟಗಾಯಿತು.

ಭಾವ ಬಗ್ಗಿ ಓದಿದರು. "ಏನಿದು?"

ಹೇಳಿದೆ. ನಿಂತಲ್ಲೇ ಎಲ್ಲ ಹೇಳಿದೆ. ಬಸ್ಸು, ಸುಣ್ಣ, ಪುಸ್ತಕದಲ್ಲಿ ಬರೆದ ನಾಲ್ಕು. "ನಿಮ್ಮ ಒಂದೂವರೆ ಅಡಿಗೆ ಗುಡ್ಡ ಬರಲ್ಲ ಭಾವ. ಬಂದಿದ್ರೂ, ಅವತ್ತು ಅಲ್ಲಿ ಯಾರೂ ಇರ್ತಿರಲಿಲ್ಲ" ಎಂದೆ.

ಅವರು ನನ್ನ ಮುಖ ನೋಡಲಿಲ್ಲ. ಗೋಡೆಯನ್ನೇ ನೋಡುತ್ತಿದ್ದರು. ಬೈಯಲಿ, ಕರಣೆಯಲ್ಲೇ ಹೊಡೆಯಲಿ ಎಂದು ಕಾದೆ. ಕೊನೆಗೆ, "ಅವಳಿಗೆ ಹೇಳಿದೀಯಾ?" ಎಂದು ಕೇಳಿದರು. ಇಲ್ಲ ಎಂದೆ. ಬಕೆಟ್ಟಿಗೆ ಕರಣೆ ಅದ್ದಿ ಚೌಕದ ಮೇಲೆ ಒಂದು ಸಲ ಎಳೆದರು, ಮತ್ತೊಂದು ಸಲ ಎಳೆದರು. ಅಕ್ಷರಗಳೆಲ್ಲ ಮುಚ್ಚಿಹೋದವು.

"ಅಮ್ಮ ಇಲ್ಲ. ಅಪ್ಪ ಇದ್ದೂ ಇಲ್ಲ. ನಿನ್ನನ್ನೂ ಕಳ್ಕೊಂಡ್ರೆ ಮಗು ಎಲ್ಲಿಗೆ ಹೋಗುತ್ತೆ? ನನಗೆ ಅಭ್ಯಾಸ ಆಗಿದೆ. ಮನೆಗೆ ಹೋಗಮ್ಮ."

ಅಷ್ಟು ಹೇಳಿ ಮುಂದಿನ ಚೌಕಕ್ಕೆ ಗಾರೆ ತೆಗೆದುಕೊಂಡರು. ಬಿರಿದ ಕೈಯಿಂದ ಗಾರೆ ಜಾರಿ ಕಾಲ ಮೇಲೆ ಬಿತ್ತು.

ಮಾರ್ಚ್ 2, ಭಾನುವಾರ

ಚೆನ್ನಾಗಿ ನಿದ್ದೆ ಬಂತು. ಊಟ ಸೇರಿತು. ಅಳಿಸುವ ಹಕ್ಕಿದ್ದವರೇ ಅಳಿಸಿದ್ದಾರೆ, ಇನ್ನು ನನ್ನದೇನಿದೆ ಎಂದುಕೊಂಡೆ. ಪುಟ್ಟಿ ನನ್ನ ತಲೆಗೆ ಎಣ್ಣೆ ಹಚ್ಚಿಕೊಟ್ಟಳು. ಬಿಳಿ ಕೂದಲು ಎಣಿಸಿ, ನಲವತ್ತಕ್ಕೆ ಬೇಜಾರಾಗಿ ಬಿಟ್ಟಳು.

ಮಾರ್ಚ್ 4, ಮಂಗಳವಾರ

ಅವರ ಕೈ ಕಣ್ಣ ಮುಂದಿನಿಂದ ಹೋಗುತ್ತಿಲ್ಲ.

ಮಾರ್ಚ್ 5, ಬುಧವಾರ

ಹೇಳಿದೆ.

ಬೆಳಿಗ್ಗೆ, ಅವಳು ತಿಂಡಿ ತಿಂದು ಕೈ ತೊಳೆದ ಮೇಲೆ ಹೇಳಿದೆ. ತಿನ್ನುವಾಗ ಹೇಳಬಾರದು ಎಂದು ಕಾದಿದ್ದೆ. ಟಿನ್ನನ್ನು ಮುಂದಿಟ್ಟೆ. ತಳಕ್ಕೆ ಅಂಟಿಕೊಂಡು ಇನ್ನೂ ಸ್ವಲ್ಪ ಮಣ್ಣಿತ್ತು. ಪುಟ್ಟಿ ಚೀಟಿ ಓದಿದಳು, ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದಳು. ಅಳಲಿಲ್ಲ. ಒಂದೊಂದೇ ಪ್ರಶ್ನೆ ಕೇಳಿದಳು.

"ಮೂರಕ್ಕೇ ತೂಗಿದ್ರೆ ಎಷ್ಟು ಬರ್ತಿತ್ತು?"

"ಗೊತ್ತಿಲ್ಲ."

"ನಿನಗೆ ಏನನ್ಸುತ್ತೆ?"

"ಮೂವತ್ತೈದು. ಅದಕ್ಕಿಂತ ಹೆಚ್ಚೂ ಇರಬಹುದು."

"ಮೂವತ್ತಾದ್ರೆ ಖಾಲಿ ಮಾಡಿಸ್ತಿದ್ರು."

"ಹೂಂ."

"ಅಮ್ಮ ಇಲ್ಲಿ ಬಂದಿರ್ತಿದ್ಲು. ಈ ಮನೆಗೆ."

"ಬಂದಿರ್ತಿದ್ಲು ಪುಟ್ಟಿ."

ಟಿನ್ನಿನ ಮುಚ್ಚಳ ಮುಚ್ಚಿ, "ಅಪ್ಪಂಗೆ ಗೊತ್ತಾ?" ಎಂದಳು. ಎರಡು ವರ್ಷದಲ್ಲಿ ಅಪ್ಪ ಎಂಬ ಮಾತು ಅವಳ ಬಾಯಿಂದ ಬಂದದ್ದು ಇದೇ ಮೊದಲು. ಶನಿವಾರದಿಂದ ಗೊತ್ತು, ಗೋಡೆಯ ಮೇಲೆ ಬರೆದಿದ್ದೆ, ಅವರು ಅಳಿಸಿದರು ಎಂದೆ. ಯಾಕೆ ಎಂದು ಕೇಳಲಿಲ್ಲ. ಬಟ್ಟೆ ತುಂಬಿಕೊಂಡಳು. ನಾನು ಮಡಿಸಿ ಕೊಡಲು ಹೋದೆ, ಕೈಯಿಂದ ಕಿತ್ತುಕೊಂಡಳು. ಹೊರಡುವಾಗ ಟಿನ್ನನ್ನೂ ಚೀಲಕ್ಕೆ ಹಾಕಿಕೊಂಡಳು.

"ಒಂದ್ಸಲ ಬೈದುಬಿಡು" ಎಂದೆ.

"ಬರಲ್ಲ ಚಿಕ್ಕಮ್ಮ" ಎಂದಳು. ಬೈಯಲು ಬರುವುದಿಲ್ಲ ಎಂದಳೋ, ಈ ಮನೆಗೆ ಬರುವುದಿಲ್ಲ ಎಂದಳೋ ಕೇಳುವ ಧೈರ್ಯವಾಗಲಿಲ್ಲ.

ಮಾರ್ಚ್ 6, ಗುರುವಾರ

ನಗರಸಭೆಗೂ ಲ್ಯಾಬಿಗೂ ಒಂದೊಂದು ಪತ್ರ ಬರೆದು ಕೊಟ್ಟೆ. ಎರಡು ಪುಟ, ತಾರೀಖುಗಳ ಸಮೇತ. ನಗರಸಭೆಯ ಗುಮಾಸ್ತ ಸೀಲು ಎತ್ತಿಕೊಂಡು, "ಅರ್ಜಿನಾ ಮೇಡಂ, ದೂರಾ?" ಎಂದು ಕೇಳಿದ. ಯಾವ ಪುಸ್ತಕದಲ್ಲಿ ಸೇರಿಸಬೇಕೆಂದು ಅವನಿಗೆ ತಿಳಿಯಬೇಕಿತ್ತು. ದೂರು ಎಂದೆ. ಯಾರ ಮೇಲೆ ಎಂದ. ಹೆಸರು ಹೇಳಿದೆ, ಬರೆದುಕೊಂಡ, ತಲೆಯೆತ್ತಿ ನನ್ನನ್ನೇ ನೋಡಿದ.

ಮನೆಯಲ್ಲಿ ಬಚ್ಚಲ ಗೂಟಕ್ಕೆ ಅವಳ ಟವೆಲ್ಲು ಹಾಗೇ ಇದೆ. ಮರೆತು ಹೋಗಿದ್ದಾಳೆ.

ಮಾರ್ಚ್ 8, ಶನಿವಾರ

ಇವತ್ತು ಗೋಡೆ ಮುಗಿಯುವ ದಿನ. ಹೋಗಬಾರದು ಎಂದುಕೊಂಡು, ಚಪ್ಪಲಿ ಹಾಕಿಕೊಂಡು, ಬಿಚ್ಚಿ, ಮತ್ತೆ ಹಾಕಿಕೊಂಡು ಹೋದೆ.

ಜನ ಸೇರಿದ್ದರು. ಭಾವ ಕೊನೆಯ ತುದಿಯಲ್ಲಿರಲಿಲ್ಲ. ಮನೆಗಳ ಸಾಲಿನ ಕೆಳಗೆ ಕುಕ್ಕರಗಾಲಲ್ಲಿ ಕೂತಿದ್ದರು, ಪಕ್ಕದಲ್ಲಿ ಪುಟ್ಟಿ. ಒಣಗಿಹೋಗಿದ್ದ ನನ್ನ ಚೌಕವನ್ನು ಉಳಿಯಿಂದ ಕಿತ್ತು, ಹೊಸ ಗಾರೆ ಮೆತ್ತಿದ್ದರು. ನಾನು ಹೋಗುವ ಹೊತ್ತಿಗೆ ಪುಟ್ಟಿ ಅದಕ್ಕೆ ನೀಲಿ ಬೂದು ಬಣ್ಣ ಹಚ್ಚಿ, ಗೀರಿ ಮುಗಿಸಿ, ಮೊಳೆ ಒರೆಸುತ್ತಿದ್ದಳು. ಭಾವ ಕೈಗವಸು ಹಾಕಿದ್ದರು, ನಾನು ಕೊಟ್ಟದ್ದೇ. ಅವಳೇ ಹಾಕಿಸಿರಬೇಕು. ಇಬ್ಬರೂ ನನ್ನನ್ನು ನೋಡಿದರು. ಯಾರೂ ಬಾ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ.

ಬೇಕರಿಯವರು ಬಂದು ಬಗ್ಗಿ ಓದಿದರು. ಪುಟ್ಟಿ ಅವರಿಗೆ ಮೆಲ್ಲಗೆ ಏನೋ ಹೇಳಿದಳು, ಬಹಳ ಹೊತ್ತು ಹೇಳಿದಳು. ಅವರು ಎದ್ದು ಭಾವನ ಕಡೆ ತಿರುಗಿ ನೋಡಿದರು. ಆಮೇಲೆ ನನ್ನ ಹತ್ತಿರ ನಡೆದು ಬಂದರು. ನಾನು ಕಣ್ಣು ತಪ್ಪಿಸಲಿಲ್ಲ.

"ಹಂಗಾದ್ರೆ ನಮ್ಮ ಹುಡುಗ ಅವತ್ತು ಮನೇಲಿ ಇರ್ತಿರಲಿಲ್ಲ, ಅಲ್ವಾ?" ಎಂದು ಕೇಳಿದರು.

"ಇರ್ತಿರಲಿಲ್ಲ" ಎಂದೆ.

ಅವರು ತಲೆಯಾಡಿಸಿ, ನಾನು ಏನೋ ಲೆಕ್ಕ ತಿಳಿಸಿಕೊಟ್ಟೆನೇನೋ ಎಂಬಂತೆ, ಅಲ್ಲೇ ಸ್ವಲ್ಪ ಹೊತ್ತು ನಿಂತರು. ಕ್ಷಮಿಸಿ ಎಂಬ ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. ಅದನ್ನು ಹೇಳಿ ಕ್ಷಮಿಸುವ ಕೆಲಸವನ್ನೂ ಅವರಿಗೇ ಕೊಡುವುದು ಬೇಡವೆನಿಸಿತು. ಅವರು ಮನೆಯ ಕಡೆ ಹೊರಟರು, ಅಂಗಡಿಯ ಕಡೆಗಲ್ಲ.

ಸಂಜೆ ಎಲ್ಲರೂ ಹೋದ ಮೇಲೆ ಹತ್ತಿರ ಹೋಗಿ ನೋಡಿದೆ. ಅಕ್ಕನ ಚೌಕದ ಆಚೆ ಬದಿಯಲ್ಲಿ ಇನ್ನೊಂದು ಹೊಸ ಚೌಕವಿತ್ತು, ಭಾವನ ಮಣ್ಣಿನದು. ಯಾರು ಒಪ್ಪಿದರೋ, ಯಾರನ್ನು ಕೇಳಿದರೋ ಗೊತ್ತಿಲ್ಲ. ಈಚೆಯದು ಬೂದು ಬಣ್ಣದ್ದು. ಬೆರಳಿಟ್ಟು ನೋಡಿದೆ. ಗಾರೆ ಬಿಗಿದುಕೊಂಡಿತ್ತು, ಇನ್ನು ಅಳಿಸಲು ಬರುವುದಿಲ್ಲ. ಪುಟ್ಟಿಯ ಅಕ್ಷರ ಗುಂಡಗೆ, ಒಂದೂ ಸೊಟ್ಟಗಿಲ್ಲ.

ಗುಂಡಿ 4. ತೆಗೆದದ್ದು ಜೂನ್ 3. ತೂಗಿದ್ದು ಜೂನ್ 8. ತೂಗಿದವರು ಚಿಕ್ಕಮ್ಮ.

ನನ್ನ ಹೆಸರು ಅವಳಿಗೆ ಗೊತ್ತು. ಬರೆಯುವುದಕ್ಕೆ ಜಾಗವೂ ಇತ್ತು.